ನುಣ್ಣನೆಯ ಬೂದಿ

ಸೇಡಂ ರಸ್ತೆ, ಕಲಬುರಗಿ
ಮಾರ್ಚ್ ೩, ೨೦೨೫

ಪ್ರೀತಿಯ ಅವ್ವಾ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚುತ್ತೀಯೋ, ಇಲ್ಲ ಬಾಟಲಿಯನ್ನು ಗೂಡಿನಲ್ಲಿಟ್ಟು ಪೂಜೆ ಮಾಡುತ್ತೀಯೋ? ನನ್ನ ಮಗಳು ಸೃಷ್ಟಿಯನ್ನು ನೀನು ಕಮಲಾಪುರದಲ್ಲಿ ಇಟ್ಟುಕೊಂಡದ್ದರಿಂದಲೇ ನಾವಿಬ್ಬರೂ ಕೆಲಸಕ್ಕೆ ಹೋಗುವುದು ನಡೆದಿದೆ. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಈಗ ಮೂರು ಸಲ ಫೋನ್ ಹಚ್ಚಿ, ಮೂರು ಸಲವೂ ಅಡುಗೆ ಏನೆಂದು ಕೇಳಿ ಇಟ್ಟೆನಲ್ಲ, ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ ಕೊಟ್ಟು ಮೈದುನ ಮಲ್ಲುವನ್ನು ಗಾಡಿಯ ಮೇಲೆ ಓಡಿಸಿದ್ದೇನೆ.

ಸಂಕ್ರಾಂತಿಗೆ ನಾನು ಊರಿಗೆ ಬಂದಾಗ ನೀನು ಗೊಣಗಿದ್ದೆ: “ಗ್ಯಾಸ್ ಬಂದ ಮ್ಯಾಲ ಮನ್ಯಾಗ ಹಿಡಿ ಬೂದಿ ಇಲ್ಲ, ಬೀಜದ ತೊಗರಿಗೆ ಹುಳ ಬೀಳ್ತದ.” ಕಸ ಸುಡುವ ಘಟಕಕ್ಕೆ ನಾನು ಆಗಷ್ಟೇ ಸೇರಿದ್ದೆ. ನಮ್ಮಲ್ಲಿ ಬೂದಿಗೇನು ಬರ ಎಂದು ಜಂಭದಿಂದ ಒಂದು ಚೀಲ ತಂದುಕೊಟ್ಟೆ. ಒಲೆಯ ಕೆಳಗಿನ ದಪ್ಪ ಬೂದಿ ಬೇಡವೆಂದು, ಹೊಗೆ ಸೋಸುವ ಬಟ್ಟೆಚೀಲದಿಂದ ಉದುರಿದ ನುಣ್ಣನೆಯದನ್ನೇ ಆರಿಸಿದ್ದೆ. ಅವ್ವನಿಗೆ ಒಳ್ಳೆಯದೇ ಹೋಗಲಿ ಎಂದು.

ಇವತ್ತು ನನ್ನನ್ನು ಬೂದಿ ವಿಭಾಗಕ್ಕೆ ಹಾಕಿದರು. ಅಲ್ಲಿನ ಪರ್ವೇಜ್ ಭಾಯ್ ನನಗೆ ಮಾಸ್ಕ್ ಕೊಡುತ್ತಾ ಹೇಳಿದರು: “ಕಸ ಸುಡತದರೀ ಅಕ್ಕಾ, ಸೀಸ ಎಲ್ಲಿ ಸುಡತದ? ಹಳೇ ಬ್ಯಾಟರಿ, ಬಣ್ಣ, ವೈರು, ಎಲ್ಲಾದ್ರ ವಿಷ ಈ ನುಣ್ಣನ ಬೂದ್ಯಾಗೇ ಕುಂತಿರ್ತದ.” ಅದನ್ನು ಸಿಮೆಂಟಿನಲ್ಲಿ ಕಲಸಿ ಗಟ್ಟಿ ಮಾಡಿ, ನೀರಿಗೆ ಸೀಸ ಬಿಡುವುದಿಲ್ಲವೆಂದು ಪರೀಕ್ಷಿಸಿದ ಮೇಲೇ ನೀರಿಳಿಯದ ಗುಂಡಿಗೆ ಹಾಕುತ್ತಾರಂತೆ. ನಾನೋ ನಿನ್ನ ತೊಗರಿ ಗಡಿಗೆಗೆ ಹಾಕಿಸಿದೆ! ರಜೆ ಹೇಳಿ ಮನೆಗೆ ಬಂದರೂ ಕೂತಲ್ಲಿ ಕೂರಲಾಗುತ್ತಿಲ್ಲ.

ಆ ಕಾಳನ್ನು ತೊಳೆದೂ ತಿನ್ನಬೇಡ, ಬಿತ್ತಲೂ ಬೇಡ. ಉಳಿದ ಬೂದಿಯನ್ನು ನಿನ್ನ ಕೆಂಪು ಬಾಳೆಯ ಬುಡಕ್ಕೆ ಸುರಿದೀಯೆ, ಜೋಕೆ. ಕಸಬರಿಗೆ ಆಡಿಸಬೇಡ, ಧೂಳೇಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಸೇರಿಸಿ ಎಲ್ಲ ಕಟ್ಟಿ ಮಲ್ಲು ಕೈಗೆ ಕೊಡು. ಘಟಕದಲ್ಲಿ ತಪ್ಪು ಒಪ್ಪಿಕೊಂಡು ನಾನೇ ಹಿಂದಿರುಗಿಸುತ್ತೇನೆ, ಕೆಲಸ ಹೋದರೆ ಹೋಗಲಿ. ನನ್ನನ್ನು ಬೈಯುವುದಿದ್ದರೆ ಬಾಯ್ತುಂಬ ಬೈ, ಸುಮ್ಮನೆ ಮಾತ್ರ ಇರಬೇಡ.

ಅಪ್ಪನಿಗೂ ಪಕ್ಕದ ಮನೆಯ ಸೂಗಮ್ಮ ಚಿಗವ್ವನಿಗೂ ನನ್ನ ಶರಣು ಹೇಳು.

ನಿನ್ನ ಮಗಳು,
ಗುರುದೇವಿ

ತಾ.ಕ.: ಅವ್ವಾ, ಮೊನ್ನೆ ಫೋನಿನಲ್ಲಿ ಸೃಷ್ಟಿ, “ಅಜ್ಜಿ ಬೀಜಕ್ಕ ಹಚ್ಚೋ ಪೌಡರ್ ನಾ ಗೊಂಬಿ ಮಾರಿಗಿ ಹಚ್ಚೀನಿ, ನನ್ನ ಮಾರಿಗೂ ಹಚ್ಕೊಂಡೀನಿ” ಎಂದಳು. ನಾನು ನಕ್ಕೆ, ಅವ್ವಾ. ಚೀಲ ನಾಳೆ ಬಂದರೂ ನಡೆದೀತು. ಮೊದಲು ಅವಳ ಕೈಬಾಯಿ ತೊಳೆದು, ಬಟ್ಟೆ ಬದಲಿಸಿ, ಅವಳನ್ನು ಕರೆದುಕೊಂಡು ಮಲ್ಲುವಿನ ಗಾಡಿಯ ಮೇಲೆ ಈಗಲೇ ಬಾ. ನಿಮ್ಮಿಬ್ಬರ ರಕ್ತ ಪರೀಕ್ಷೆಗೆ ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಗೊಂಬೆಯನ್ನು ಅಲ್ಲೇ ಬಿಡು. ಅತ್ತರೆ, ಅಮ್ಮ ಹೊಸ ಗೊಂಬೆ ತಂದಿಟ್ಟಿದ್ದಾಳೆ ಎನ್ನು. ನೀವು ಬರುವಷ್ಟರಲ್ಲಿ ತಂದಿಟ್ಟಿರುತ್ತೇನೆ.