ಕೆಮ್ಮಣ್ಣನ ಕೆಮ್ಮು

ಹೊಸಪೇಟೆ
೯ ಫೆಬ್ರವರಿ ೨೦೨೫

ಪ್ರೀತಿಯ ಗಂಗಕ್ಕನಿಗೆ,

ತಮ್ಮ ಮನೋಹರನ ಸಾಷ್ಟಾಂಗ ನಮಸ್ಕಾರ. ಸೊಂಟ ಹಿಡಿದಿರುವುದರಿಂದ ಎಂಟು ಅಂಗಗಳಲ್ಲಿ ಆರು ಮಾತ್ರ ನೆಲ ಮುಟ್ಟಿವೆ. ಉಳಿದೆರಡನ್ನು ಕಂಪ್ಲಿಗೆ ಬಂದಾಗ ಸಲ್ಲಿಸುತ್ತೇನೆ. ಪತ್ರ ತಡವಾದದ್ದಕ್ಕೂ ಸೊಂಟವೇ ಕಾರಣ ಎಂದುಕೋ. ನಿಜವಾದ ಕಾರಣ ಸೋಮಾರಿತನ, ಅದಕ್ಕೆ ಮುಲಾಮು ಸಿಗುವುದಿಲ್ಲ.

ಫೋನ್ ಇರುವಾಗ ಪತ್ರ ಯಾಕೆ ಎನ್ನಬೇಡ. ಫೋನಿನಲ್ಲಿ ನೀನು "ಆರಾಮ ಅದೀಯಾ? ಉಂಡ್ಯಾ? ಇಡ್ಲಾ?" ಎಂದು ನನ್ನ ಇಡೀ ಬದುಕನ್ನು ಮುಗಿಸಿಬಿಡುತ್ತೀ. ಇಡ್ಲಾ ಎಂದಾಗಲೆಲ್ಲ ಇಡ್ಲಿ ಬರುತ್ತದೇನೋ ಎಂದು ಕಾಯುತ್ತೇನೆ. ಬರುವುದು ಬರೀ ಟೂಂ ಟೂಂ.

ಉಜ್ಜಿನಪ್ಪ ಭಾವ ಮಿಲ್ಲಿನಿಂದ ಕಳಿಸಿದ ಅಕ್ಕಿ ತಲುಪಿತು. ನಾವು ಅಕ್ಕನನ್ನು ಕೊಟ್ಟೆವು, ಅವರು ಅಕ್ಕಿ ಕೊಡುತ್ತಿದ್ದಾರೆ. ಒಂದು ಗುಡಿಸಿನ ವ್ಯಾಪಾರದಲ್ಲಿ ಸೋತವರು ನಾವೇ. ಆದರೂ ಅನ್ನ ಮಲ್ಲಿಗೆಯ ಹಾಗಿದೆ ಎಂದು ಅವರಿಗೆ ಹೇಳು.

ಈಗ ಸುದ್ದಿ. ನನ್ನ ರಾಕ್ಷಸರ ಕಾದಂಬರಿ ಹೋದ ಭಾನುವಾರ ಇಲ್ಲಿ ಬಿಡುಗಡೆಯಾಯಿತು. ನಿನಗೆ ಮೊದಲೇ ಒಂದು ಪ್ರತಿ ಕಳಿಸಿದ್ದೆ, ನೀನು ಅದರ ಬಗ್ಗೆ ಉಸಿರೆತ್ತಿಲ್ಲ. ಅದರಲ್ಲಿರುವ ರಾಕ್ಷಸನ ಹೆಸರು ಕೆಮ್ಮಣ್ಣ. ಹೌದು, ನಿನ್ನವನೇ.

ಸಂಡೂರಿನ ಮನೆಯಲ್ಲಿ ಗಣಿಯ ಸಿಡಿತಕ್ಕೆ ಪಾತ್ರೆಗಳು ನಡುಗಿದಾಗ ನಾನು ನಿನ್ನ ಲಂಗದಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ. "ಏನಿಲ್ಲಲೇ, ಗುಡ್ಡದಾಗ ಕೆಮ್ಮಣ್ಣ ಕೆಮ್ಮಾಕತ್ತಾನ" ಎನ್ನುತ್ತಿದ್ದೆ ನೀನು. ಕೆಮ್ಮಣ್ಣು ಎಂದರೆ ಕೆಂಪಾದ ಮಣ್ಣು ಎಂದು ಈಗ ಕಾಲೇಜಿನಲ್ಲಿ ಸಮಾಸ ಬಿಡಿಸಿ ಹೇಳುತ್ತೇನೆ. ಕೆಮ್ಮುವ ಮಣ್ಣು ಎಂಬ ನಿನ್ನ ವ್ಯಾಕರಣವೇ ಸರಿ ಎಂದು ಒಳಗೊಳಗೇ ಗೊತ್ತು. "ಅದಿರು ಲಾರಿಗಳಿವೆ, ನಿಧಾನ" ಎಂಬ ಬೋರ್ಡಿನ ಮೊದಲ ಪದವನ್ನಷ್ಟೇ ಓದಿ, ಸರ್ಕಾರವೇ ನನಗೆ ನಡುಗು ಎಂದು ಅಪ್ಪಣೆ ಕೊಟ್ಟಿದೆಯೆಂದು ನಡುಗಿದ್ದು ನೆನಪಿದೆಯಾ? ನೀನು ಇದ್ದಿಲಿನಿಂದ ಗೋಡೆಯ ಮೇಲೆ "ಅದಿರದಿರು" ಎಂದು ಬರೆದು, "ಇದು ಮಂತ್ರ, ಅನ್ನು" ಎಂದೆ. ಆ ಮಂತ್ರ ಈಗ ನನ್ನ ಕಾದಂಬರಿಯ ರಾಜಕುಮಾರಿಯ ಬಾಯಲ್ಲಿದೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನನ್ನ ಬಾಯಲ್ಲೂ ಇರುತ್ತದೆ, ಅವರು ಇಕ್ಕಳ ಹಾಕುವವರೆಗೆ. ಇಷ್ಟಕ್ಕೆಲ್ಲ ನಿನಗೆ ಯಾವತ್ತೂ ಥ್ಯಾಂಕ್ಸ್ ಹೇಳಿರಲಿಲ್ಲ. ಈಗ ಹೇಳಿದೆ, ನಗಬೇಡ.

ಸಭೆಯ ಕಥೆ ಕೇಳು. ಬೆಂಗಳೂರಿನಿಂದ ಬಂದ ವಿಮರ್ಶಕರು ಮೈಕ್ ಹಿಡಿದು, "ಬಿಳಿ ಕೋಳಿ ಕೆಂಪಾಗುವ ಊರು, ಒಣಹಾಕಿದ ಬಟ್ಟೆ ಒಗೆಯುವ ಮುಂಚಿಗಿಂತ ಕೊಳೆಯಾಗುವ ಶಾಪ, ರಾಜನಿಗಾಗಿ ಗುಡ್ಡ ಒಡೆಯುತ್ತ ಕೆಂಪು ಹೊಗೆ ಕೆಮ್ಮುವ ರಾಕ್ಷಸ! ಇಂಥ ಲೋಕ ಎಲ್ಲಿದೆ? ಲೇಖಕರ ತಲೆಯಲ್ಲಿ ಮಾತ್ರ!" ಎಂದರು. ಮುಂದಿನ ಸಾಲಿನಲ್ಲಿ ನಮ್ಮ ಹಳೇ ಓಣಿಯ ದ್ಯಾಮಕ್ಕ ಕೂತಿದ್ದಳು. ಎದ್ದೇಬಿಟ್ಟಳು.

"ಎಲ್ಲೈತಿ ಅಂದ್ರ? ಸಂಡೂರು ಬಸ್ ಹತ್ರಿ ಸಾಹೇಬ್ರ, ತೋರಸ್ತೀನಿ. ಆ ಕೋಳಿ ನಮ್ದು!"

ಸಭೆ ಬಿದ್ದು ಬಿದ್ದು ನಕ್ಕಿತು. ವಿಮರ್ಶಕರೂ ಒಳ್ಳೆಯವರು, ನಕ್ಕು, "ಹಾಗಾದರೆ ಇದರಲ್ಲಿ ಕಲ್ಪನೆ ಯಾವುದಮ್ಮ?" ಎಂದು ಕೇಳಿದರು.

"ಕೊನೀಗೆ ರಾಜ ವೈದ್ಯನ್ನ ಕರಿಸಿ ಕೆಮ್ಮಣ್ಣಗ ಔಷಧಿ ಕೊಡಸ್ತಾನಲ್ರಿ, ಅದೊಂದು ಸುಳ್ಳು ನೋಡ್ರಿ. ಉಳಿದಿದ್ದೆಲ್ಲಾ ಖರೆ."

ಮತ್ತೆ ನಗು. ನಾನು ಮಾತ್ರ ಪುಸ್ತಕದ ಕೊನೆಯ ಪುಟ ತೆರೆದು ನೋಡಿದೆ.

ನಮ್ಮ ಸ್ಟಾಫ್ ರೂಮಿನಲ್ಲಿ ಗಾದಿಲಿಂಗ ಸರ್ ದಿನಾ ಕಾಡುತ್ತಾರೆ, "ಊರ ತುಂಬ ಸಮಸ್ಯೆ ಅದಾವ, ನೀವು ರಾಕ್ಷಸರನ್ನ ಕುಣಸ್ತೀರಲ್ರಿ?" ಎಂದು. ನನ್ನ ಉತ್ತರ ಇಷ್ಟೇ: ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇಲ್ಲದ್ದನ್ನು ಹೇಳಿದರೆ ಚಕ್ಕಳಮಕ್ಕಳ ಹಾಕಿ ಕೂತು ಕೇಳುತ್ತಾರೆ. ಕಥೆ ತಮ್ಮದೇ ಎಂದು ಗೊತ್ತಾಗುವ ಹೊತ್ತಿಗೆ ಒದೆಯಬೇಕಾದ ಕಾಲು ಜೋಮು ಹಿಡಿದಿರುತ್ತದೆ! ಈ ಉಪಾಯ ನನಗೆ ಯಾವ ಕಾಲೇಜೂ ಕಲಿಸಲಿಲ್ಲ, ನೀನು ಕಲಿಸಿದ್ದು.

ಆದರೆ ದ್ಯಾಮಕ್ಕನ ಮಾತು ಬಿಡುತ್ತಿಲ್ಲ. ಪುಸ್ತಕ ಮತ್ತೆ ಅಚ್ಚಾಗಲಿದೆ, ಬೇಕಾದರೆ ಕೊನೆ ಬದಲಿಸಿ ಎಂದು ಪ್ರಕಾಶಕರು ಹೇಳಿದ್ದಾರೆ. ಔಷಧಿಯ ಕೊನೆ ನನ್ನದು, ನಿನ್ನದಲ್ಲ. ನೀನು ಅರ್ಧಕ್ಕೆ ಬಿಟ್ಟ ಕಥೆಯಲ್ಲಿ ಕೆಮ್ಮಣ್ಣ ನೀರು ಹುಡುಕುತ್ತ ಗುಡ್ಡ ಇಳಿದವನು ಅಲ್ಲೇ ನಿಂತಿದ್ದಾನೆ. ಅವನಿಗೆ ಕೊನೆಗೆ ಏನಾಯಿತು, ಹೇಳುತ್ತೀಯಾ?

ಭಾವನಿಗೆ ನಮಸ್ಕಾರ, ನಮ್ಮ ಕಾವ್ಯಳಿಗೆ ಬುದ್ಧಿ, ಆಯಸ್ಸು ಎರಡೂ ಬೆಳೆಯಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ. ಕೂದಲು ಹೋಗಿರುವುದರಿಂದ ಆಶೀರ್ವಾದ ಈಗ ನೇರವಾಗಿ ತಲುಪುತ್ತದೆ.

ನಿನ್ನ
ಮನೋಹರ

ತಾ.ಕ.: ಹಾಸ್ಯದಲ್ಲಿ ಮುಗಿಸಿ ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ.

ಕಾವ್ಯ ಮೊನ್ನೆ ಇಲ್ಲಿಗೆ ಬಂದಾಗ ಪುಸ್ತಕ ಓದಿ, "ಮಾಮಾ, ಇಂಥಾ ಕಥಿ ನಿನಗ ಯಾರು ಹೇಳಿದ್ರು?" ಎಂದಳು. ನಿಮ್ಮವ್ವ ಎಂದೆ. "ಸುಳ್ಳು ಹೇಳಬ್ಯಾಡ. ನಮ್ಮವ್ವಗ ಕಥಿ ಹೇಳಾಕ ಬರಂಗಿಲ್ಲ. ನನಗ ಒಂದೂ ಹೇಳಿಲ್ಲ" ಎಂದಳು. ಅದಕ್ಕೇ ಈ ತಾ.ಕ., ಅಕ್ಕಾ.

ಗಣಿಯಿಂದ ಬಂದ ಅಪ್ಪ ಗೋಡೆಯಾಚೆ ಕೆಮ್ಮುವಾಗಲೂ ನೀನು ಕೆಮ್ಮಣ್ಣ ಎಂದೇ ಹೇಳುತ್ತಿದ್ದೆ. ಒಂದು ಬೆಳಿಗ್ಗೆ ಕೆಮ್ಮು ನಿಂತಿತ್ತು, ಮನೆ ತುಂಬ ಜನ. ನಾನು ನಿನ್ನ ಲಂಗ ಜಗ್ಗಿ, "ಕೆಮ್ಮಣ್ಣಗ ಆರಾಮಾತೇನಕ್ಕಾ? ಮುಂದ?" ಎಂದು ಕೇಳಿದೆ. "ಮುಂದಿಲ್ಲ" ಎಂದೆ ನೀನು. ಆ ಮಾತು ಅಂದಿಗಷ್ಟೇ ಅಂದುಕೊಂಡಿದ್ದೆ. ಅಂದಿನಿಂದ ನೀನು ಕಥೆ ಹೇಳುವುದನ್ನೇ ಬಿಟ್ಟೆ, ನಿನ್ನ ಮಗಳಿಗೂ ಹೇಳಲಿಲ್ಲವೆಂದು ಈಗ ತಿಳಿಯಿತು.

ಪುಸ್ತಕದಲ್ಲಾದರೂ ಅಪ್ಪನಿಗೆ ಔಷಧಿ ಸಿಗಲಿ ಎಂದು ಕೊಡಿಸಿದ್ದೆ, ಅಷ್ಟೇ. ಅದು ಇದ್ದರೂ ಸರಿ, ಹೋದರೂ ಸರಿ. ಅಚ್ಚಿಗೆ ಆತುರವಿಲ್ಲ. ನೀನು ಮೊದಲು ಕಾವ್ಯಳಿಗೆ ಹೇಳು, ನಾನು ಬಾಗಿಲ ಹೊರಗೆ ಕೂತು ಕೇಳಿಸಿಕೊಳ್ಳುತ್ತೇನೆ. ದನಿ ನಡುಗಿದರೆ ಮಂತ್ರ ನಿನ್ನ ಹತ್ತಿರವೇ ಇದೆಯಲ್ಲ.

ಮುಂದ, ಅಕ್ಕಾ?