ತಾತನ ಕೈಗಷ್ಟೇ ಬಗ್ಗುವ ಕತ್ತರಿ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬಿಗೆ, ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ಕೆಮ್ಮು ಪೂರ್ತಿ ಹೋಯಿತೇ? ಆ ಕಾರ್ಖಾನೆಯಲ್ಲಿ ದಿನವಿಡೀ ನಿಂತುಕೊಂಡೇ ಬಟ್ಟೆ ಕತ್ತರಿಸಬೇಕು ಅಂತ ನಿನ್ನ ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಕಾಲಡಿಗೆ ಒಂದು ಗೋಣಿಚೀಲ ಮಡಿಸಿ ಹಾಕಿಕೋ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಮೊಣಕಾಲು ಒಂದನ್ನು ಬಿಟ್ಟು. ಅದರ ವಿಷಯ ಕೊನೆಗೆ ಬರೆಯುತ್ತೇನೆ. ಅಜ್ಜಿಗೆ ಎಂಬತ್ತನಾಲ್ಕಾದರೂ ಸಂಜೆಯ ನಡಿಗೆಯಲ್ಲಿ ನನ್ನನ್ನೇ ಹಿಂದೆ ಹಾಕುತ್ತಾಳೆ. ನೀನು ನನ್ನೊಡನೆ ಮಾತು ಬಿಟ್ಟು ಒಂದೂವರೆ ವರ್ಷವಾಯಿತು. ಮಾತಾಡು ಅನ್ನುವ ಮುಖ ನನಗೂ ಇಲ್ಲ. ‘ಕತ್ತರಿಸೋ ಮೇಜಿನ ಮುಂದೆ ಹುಡುಗಿ ನಿಂತ್ರೆ ಗಿರಾಕಿ ಏನಂದಾನು? ಇದು ತಾತನಿಂದ ಗಂಡುಮಕ್ಕಳಿಗೆ ಬಂದ ಅಂಗಡಿ’ ಅಂದವನು ನಾನೇ ತಾನೇ. ಅದಕ್ಕೇ ಈ ಕಾಗದ. ಫೋನಾದರೆ ನೀನು ಇಟ್ಟುಬಿಡಬಹುದು. ಕಾಗದವನ್ನು ಹರಿಯುವ ಮೊದಲು ಒಂದು ಸಲವಾದರೂ ಓದುತ್ತೀಯ.

ಸಮಾಚಾರ ಕೇಳು. ನಮ್ಮ ದರ್ಜಿಗಳ ಸಂಘದವರು ಸಭಾಂಗಣದಲ್ಲಿ ಒಂದು ಗಾಜಿನ ಕಪಾಟು ಮಾಡಿಸಿದ್ದಾರೆ, ಹಳೆಯ ಅಂಗಡಿಗಳ ಒಂದೊಂದು ವಸ್ತುವನ್ನು ಇಡುವುದಕ್ಕೆ. ನಮ್ಮ ಅಂಗಡಿಗೆ ಅರವತ್ತು ತುಂಬಿತಲ್ಲ, ಮೊದಲ ಮರ್ಯಾದೆ ನಮಗೆ. ಏನು ಇಡಬೇಕು ಅನ್ನುವುದಕ್ಕೆ ಚರ್ಚೆಯೇ ಆಗಲಿಲ್ಲ. ತಾತನ ಕತ್ತರಿ! ಅದರ ಕಥೆ ನಿನಗೆ ಬಾಯಿಪಾಠ, ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ತಾತ ತೀರಿಕೊಂಡ ಮರುವಾರ ನಿನ್ನ ದೊಡ್ಡಪ್ಪ ಅದನ್ನು ಕೈಗೆತ್ತಿಕೊಂಡ. ಬಟ್ಟೆ ತುಂಡಾಗುವ ಬದಲು ಎರಡು ಅಲಗುಗಳ ನಡುವೆ ಮಡಿಸಿಕೊಂಡು ಕೂತಿತು. ನಾನು ಹಿಡಿದೆ, ನನಗೂ ಅದೇ ಗತಿ. ಸಾಣೆ ಹಿಡಿಯುವವನು ಪರೀಕ್ಷೆ ಮಾಡಿ, ‘ಅಲಗು ಚೆನ್ನಾಗಿದೆ ಸ್ವಾಮಿ, ತಪ್ಪು ನಿಮ್ಮ ಕೈಯದು’ ಅಂದ. ದೊಡ್ಡಪ್ಪ ಕಣ್ಣೊರೆಸಿಕೊಂಡು, ‘ಇದು ಅಪ್ಪನ ಕೈಗಷ್ಟೇ ಬಗ್ಗೋದು ಕಣೋ’ ಅಂದ. ಅವತ್ತೇ ಎಣ್ಣೆ ಹಚ್ಚಿ, ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಇಪ್ಪತ್ತೆರಡು ವರ್ಷ ಬಂದಬಂದವರಿಗೆಲ್ಲ ಈ ಕಥೆ ಹೇಳಿದೆವು. ಹೇಳುತ್ತ ಹೇಳುತ್ತ ಕತ್ತರಿಯ ತೂಕವೂ ಒಂದೆರಡು ಸೇರು ಏರಿತ್ತು.

ಹೋದ ಭಾನುವಾರ ಸಮಾರಂಭ. ಸಭಾಂಗಣ ತುಂಬಿತ್ತು. ಕಪಾಟಿಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿದ್ದರು. ಅಧ್ಯಕ್ಷರಿಗೆ ಉತ್ಸಾಹ ಹೆಚ್ಚಾಗಿ, ‘ಸಂಸ್ಥಾಪಕರ ಕತ್ತರಿಯಿಂದಲೇ ರಿಬ್ಬನ್ ಕತ್ತರಿಸೋಣ’ ಅಂದರು. ನಾನು ದೊಡ್ಡಪ್ಪನ ಅಂಗಿ ಜಗ್ಗಿದೆ. ಹೊಸ ಕೋಟು ತೊಟ್ಟ ಮನುಷ್ಯನಿಗೆ ಅದೆಲ್ಲಿ ತಿಳಿಯಬೇಕು? ಒಂದು ಸಲ ಹಿಡಿದ, ಎರಡು ಸಲ ಹಿಡಿದ, ರಿಬ್ಬನ್ ಎಮ್ಮೆ ಮೇದ ಹುಲ್ಲಿನ ಹಾಗಾಯಿತು. ಅಧ್ಯಕ್ಷರೂ ಕೈ ಹಾಕಿ ಬೆವರಿದರು. ಆಗ ದೊಡ್ಡಪ್ಪ ಮೈಕು ಹಿಡಿದು ಅದೇ ಕಥೆ ಹೇಳಿದ ನೋಡು, ‘ಇದು ನಮ್ಮಪ್ಪನ ಕೈಗಷ್ಟೇ’ ಅಂತ. ಜನ ಚಪ್ಪಾಳೆಯನ್ನೂ ತಟ್ಟಿದರು! ಅಷ್ಟರಲ್ಲಿ ಎರಡನೇ ಸಾಲಿನಿಂದ ಅಜ್ಜಿ ಎದ್ದಳು. ‘ಸಾಕು ಮಾಡ್ರೋ ನಿಮ್ಮ ಪುರಾಣ. ಇತ್ತ ತಾ’ ಅಂದವಳೇ, ಕತ್ತರಿ ಇಸಿದುಕೊಂಡು ಎಡಗೈಗೆ ಹಾಕಿಕೊಂಡಳು. ಕಚಕ್! ರಿಬ್ಬನ್ನಿನ ತುಂಡು ಅಧ್ಯಕ್ಷರ ಬೂಟಿನ ಮೇಲೆ ಬಿತ್ತು.

‘ಇದು ಎಡಗೈಯವರ ಕತ್ತರಿ, ಬಲಗೈಲಿ ಹಿಡಿದ್ರೆ ಕತ್ತರಿಸಲ್ಲ. ಅವರು ನನಗೇ ಅಂತ ಹೇಳಿ ಮಾಡಿಸಿಕೊಟ್ಟಿದ್ದು. ನಿಮ್ಮಪ್ಪ ಬಟ್ಟೆ ಕತ್ತರಿಸಿದ್ದನ್ನ ನೀವಿಬ್ಬರು ಯಾವತ್ತಾದ್ರೂ ಕಣ್ಣಾರೆ ಕಂಡಿದ್ದೀರೇನ್ರೋ?’

ಗುಬ್ಬೀ, ನಾನು ಕಂಡಿರಲಿಲ್ಲ. ತಾತ ಕೊರಳಿಗೆ ಟೇಪು ಹಾಕಿಕೊಂಡು ಮುಂದೆ ನಿಲ್ಲುತ್ತಿದ್ದರು, ಅಳತೆ ತೆಗೆಯುತ್ತಿದ್ದರು, ಗಿರಾಕಿಯನ್ನು ನಗಿಸುತ್ತಿದ್ದರು. ಪರದೆಯ ಹಿಂದೆ ಕತ್ತರಿಸುತ್ತಿದ್ದವಳು ಅಜ್ಜಿ, ಮೂವತ್ತೆಂಟು ವರ್ಷ. ನಾವು ಅದನ್ನು ನೋಡಿಯೂ ಇದ್ದೆವು; ‘ಅಮ್ಮ ಸ್ವಲ್ಪ ಕೈ ಜೋಡಿಸ್ತಾಳೆ’ ಅನ್ನುತ್ತಿದ್ದೆವು, ಅಷ್ಟೇ. ಜನವೆಲ್ಲ ನಗುತ್ತ ಚಪ್ಪಾಳೆ ತಟ್ಟುತ್ತಿರುವಾಗ ಅವಳು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು: ‘ನನ್ನ ಕತ್ತರಿ ಕೊಡೋ ಅಂತ ಅವತ್ತು ಕೇಳಿದ್ದೆ. ಅಪ್ಪನ ನೆನಪಿಗಿರ್ಲಿ, ಇನ್ನು ನೀನು ದಣಿಯೋದು ಬೇಡಮ್ಮ ಅಂತ ನೀನೇ ಅಂದೆ.’ ಹೌದು, ಅಂದಿದ್ದೆ. ಪ್ರೀತಿಯಿಂದಲೇ ಅಂದಿದ್ದೆ. ಪ್ರೀತಿಯಿಂದಲೇ ಅವಳ ಕೆಲಸಕ್ಕೂ ಬೀಗ ಹಾಕಿಬಿಟ್ಟಿದ್ದೆ.

ಆಮೇಲೆ ನೀನು ನೆನಪಾದೆ. ಹತ್ತು ವರ್ಷದವಳಿದ್ದಾಗ ಬೀಗದ ಕೈ ಕದ್ದು, ಆ ಕತ್ತರಿಯಿಂದ ಯಾರದೋ ಕೋಟಿನ ಲೈನಿಂಗ್ ಬಟ್ಟೆಯಲ್ಲಿ ಅರ್ಧಚಂದ್ರ ಕತ್ತರಿಸಿದ್ದೆಯಲ್ಲ? ಬಟ್ಟೆ ಹಾಳಾಯಿತು ಅಂತ ಬೈದೆ. ‘ಗಂಡಸರ ಕೈಗೇ ಬಗ್ಗದ ಕತ್ತರಿ, ನಿನಗೆ ಬಗ್ಗುತ್ತಾ?’ ಅಂತ ಬೇರೆ ಕೇಳಿದೆ, ಆ ನುಣುಪಾದ ಅಂಚು ಕೈಯಲ್ಲಿ ಹಿಡಿದುಕೊಂಡೇ! ನಿನಗೆ ಬಗ್ಗಿತ್ತು. ನೀನೂ ಅಜ್ಜಿಯ ಹಾಗೆ ಎಡಗೈಯವಳು ಮಗಳೇ, ಕಣ್ಣೆದುರಿಗಿದ್ದದ್ದು ನನ್ನ ತಲೆಗೆ ಹೋಗಲಿಲ್ಲ. ತಪ್ಪಾಯಿತು. ಈ ಮಾತನ್ನು ಬರೆಯುವುದಕ್ಕೆ ಎರಡು ಹಾಳೆ ಹರಿದುಹಾಕಿದ್ದೇನೆ.

ಈಗ ನಗುವ ಸುದ್ದಿ. ಕತ್ತರಿಯನ್ನು ಕಪಾಟಿಗೆ ಕೊಡುವುದಿಲ್ಲ ಅಂತ ಅಜ್ಜಿ ಹಟ ಹಿಡಿದಳು. ಕಡೆಗೆ ತಾತನ ಟೇಪನ್ನು ಇಟ್ಟೆವು. ಅದು ನಿಜವಾಗಿಯೂ ಅವರದು, ಅವರ ಕತ್ತಿನ ಬೆವರಿಗೆ ನಡುವಿನ ಹತ್ತು ಇಂಚಿನ ಅಂಕಿಗಳೇ ಅಳಿಸಿಹೋಗಿವೆ. ಚೀಟಿಯಲ್ಲಿ ಏನು ಬರೆಯಬೇಕೆಂದು ಅಜ್ಜಿಯೇ ಹೇಳಿದಳು: ‘ಇವರು ಅಳೆದರು, ಇವರ ಹೆಂಡತಿ ಕತ್ತರಿಸಿದಳು.’ ಸೋಮವಾರದಿಂದ ದಿನಕ್ಕೆ ಒಂದು ಗಂಟೆ ಅಂಗಡಿಗೆ ಬರುತ್ತಾಳೆ, ಪರದೆ ಕಿತ್ತುಹಾಕಿಸಿದ್ದಾಳೆ. ನಾನು ಕತ್ತರಿಸಿದ ತೋಳು ನೋಡಿ, ‘ಇದು ಮನುಷ್ಯರಿಗಾ, ಗಡಿಗೆಗಾ?’ ಅಂತ ಕೇಳಿದಳು. ಮೊನ್ನೆ ಹಳೆಯ ಗಿರಾಕಿಯೊಬ್ಬರು ಅವಳು ಮೊದಲ ದಿನ ಕತ್ತರಿಸಿದ ಕೋಟು ತೊಟ್ಟು ಕೈ ಮೇಲೆತ್ತಿ ಕೆಳಗಿಳಿಸಿ, ‘ಎಷ್ಟು ವರ್ಷ ಆಯ್ತಪ್ಪಾ ನಿಮ್ಮಂಗಡಿ ಕೋಟು ಹೀಗೆ ಕೂತು!’ ಅಂದರು. ಇಪ್ಪತ್ತೆರಡು ವರ್ಷದಿಂದ ನಾವು ಈಗಿನ ಬಟ್ಟೆಯೇ ಸರಿಯಿಲ್ಲ ಅನ್ನುತ್ತಿದ್ದೆವು. ಗಿರಾಕಿ ಏನಂದಾನು ಅಂತ ಹೆದರಿದ್ದೆನಲ್ಲ, ಇದನ್ನೇ ಅಂದ.

ಹೊಟ್ಟೆ ತುಂಬ ಉಣ್ಣು, ಬಿಸಿನೀರು ಕುಡಿ. ಅಮ್ಮನ ಮುತ್ತು, ದೊಡ್ಡಪ್ಪನ ಆಶೀರ್ವಾದ, ಅಜ್ಜಿಯದು ಎರಡೂ.

ಇಂತಿ,
ಬಲಗೈಯ ನಿನ್ನ ಅಪ್ಪ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಜ್ಜಿ ಕೂಗಿ ನೆನಪಿಸಿದಳು. ನೀಲಿ ಬಟ್ಟೆಯೊಂದನ್ನು ಕತ್ತರಿಸುವ ಮೇಜಿನ ಮೇಲೆ ಹಾಸಿ, ನಿನ್ನ ಅಳತೆಗೆ ಕೋಟಿನ ಗುರುತು ಹಾಕಿ, ಅರ್ಧ ಕತ್ತರಿಸಿ, ಕತ್ತರಿಯನ್ನು ಅದರ ಮೇಲೇ ಇಟ್ಟಿದ್ದಾಳೆ. ‘ಉಳಿದರ್ಧ ಅವಳೇ ಬಂದು ಕತ್ತರಿಸ್ತಾಳೆ, ಅಲ್ಲೀತನಕ ಯಾರೂ ಮುಟ್ಟಕೂಡದು’ ಅಂತ ಆಜ್ಞೆ. ಐದು ದಿನದಿಂದ ನಾನೂ ದೊಡ್ಡಪ್ಪನೂ ನೆಲದ ಮೇಲೆ ಕೂತು ಕೆಲಸ ಮಾಡುತ್ತಿದ್ದೇವೆ. ಮೇಜು ನಿನ್ನದು ಮಗಳೇ, ಇದನ್ನು ನಾನೇ ನನ್ನ ಕೈಯಾರೆ ಬರೆದುಕೊಡುತ್ತಿದ್ದೇನೆ. ನನ್ನ ಮೇಲೆ ಬೇಡ, ನನ್ನ ಮೊಣಕಾಲಿನ ಮೇಲಾದರೂ ಕರುಣೆ ಇಟ್ಟು ಬೇಗ ಬಾ.