ತಾತ ಕೊಟ್ಟ ದಿನ

ಮೇಲುಕೋಟೆ
೧೦ ಏಪ್ರಿಲ್ ೨೦೨೬

ನನ್ನ ಮುದ್ದು ಅರ್ಚನಾ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಅಜ್ಜಿಗೆ ಸೋಮಾರಿತನ ಎಂದು ಬೈದುಕೊಳ್ಳಬೇಡ. ಫೋನಿನಲ್ಲಿ ಹೇಳಲು ಎರಡು ಸಲ ಹೊರಟೆ, ಬಿಸಿಲಿನ ಮಾತಾಡಿ ಇಟ್ಟುಬಿಟ್ಟೆ.

ನಿಮ್ಮ ಹಾಯಿದೋಣಿಯ ದಾರಿಯ ನಕ್ಷೆಯನ್ನು ನಡುಮನೆಯಲ್ಲಿ ಹಾಸಿಕೊಂಡು ನೋಡಿದೆ. ಮೊಸರು ಕೊಡಲು ಬಂದ ಮಂಚಮ್ಮನೂ ಪಕ್ಕದಲ್ಲಿ ಕೂತಳು. "ಗೋವಾದಿಂದ ಮಾರಿಷಸ್ಸಿಗೆ ಸೀದಾ ಗೆರೆ ಎಳುದ್ರೆ ಆಯ್ತಲ್ಲ ಅಮ್ಮೋರೆ, ಮಗ ಯಾಕಿಂಗೆ ಸುತ್ತಾಕ್ಕಂಡು ಓಯ್ತದೆ?" ಎಂದಳು. ನೀನು ಬರೆದದ್ದನ್ನೇ ಹೇಳಿದೆ. ಸೀದಾ ಹೋದರೆ ಕೊನೆಯಲ್ಲಿ ಗಾಳಿ ಮೂತಿಗೇ ಹೊಡೆಯುತ್ತದೆ. ಅದಕ್ಕೇ ಮೊದಲು ದಕ್ಷಿಣಕ್ಕೆ ಇಳಿದು, ಭೂಮಧ್ಯರೇಖೆಯ ಹತ್ತಿರ ಪೂರ್ವಕ್ಕೆ ಹರಿಯುವ ನೀರಿನ ಜೊತೆ ಒಂದಿಷ್ಟು ದೂರ ಹೋಗಿ, ಆಗ್ನೇಯದ ಗಾಳಿ ಸಿಕ್ಕ ಮೇಲೆ ನೈಋತ್ಯಕ್ಕೆ ತಿರುಗಬೇಕು. "ಓ, ದಿಬ್ಬಕ್ಕೆ ಗಾಡಿ ಅತ್ತಿಸ್ದಂಗೆ ಓರೆಯಾಗೇ ಓಗ್ಬೇಕು ಅನ್ನಿ" ಎಂದು ಎದ್ದುಹೋದಳು. ನನಗೆ ಎರಡು ದಿನ ಹಿಡಿದದ್ದು ಅವಳಿಗೆ ಎರಡು ನಿಮಿಷದಲ್ಲಿ ತಿಳಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಕೊನೆಗೆ ಹೊರಡದಿದ್ದರೆ ಮುಂಗಾರಿನ ಗಾಳಿ ಎದುರಾಗಿ ದಾರಿಯೇ ಮುಚ್ಚುತ್ತದೆ, ಮುಂದಿನ ವರ್ಷ ದೋಣಿ ನಮಗೆ ಸಿಗುವುದಿಲ್ಲ ಎಂದು ನಿನ್ನ ಜೊತೆಗಾತಿ ಶ್ವೇತ ಗೋಗರೆಯುತ್ತಿದ್ದಾಳಂತೆ. ಆದರೂ ತಾತ ನೋಡಿಕೊಟ್ಟ ಮೇ ಇಪ್ಪತ್ತೆಂಟಕ್ಕೇ ಹೊರಡುತ್ತೇನೆ ಎಂದು ಬರೆದಿದ್ದೀಯ. ಬೇಡ ಕಂದ. ಆ ದಿನ ಅಧಿಕ ಮಾಸದಲ್ಲಿ ಬೀಳುತ್ತದೆ. ಅಧಿಕ ಮಾಸದಲ್ಲಿ ಹೊಸ ಪೊರಕೆ ತರಲೂ ಬಿಡದ ಮನುಷ್ಯ, ಮೊಮ್ಮಗಳ ಪ್ರಯಾಣಕ್ಕೆ ಅಂಥ ದಿನ ಕೊಡುತ್ತಾರೆಯೇ? ಕಣ್ಣು ಮಂಜಾಗಿ, ಹೋದ ವರ್ಷದ ಪಂಚಾಂಗ ನೋಡಿದ್ದಾರೆ, ಅಷ್ಟೆ. ನೀನು ಗಾಳಿ ಹೇಳಿದ ದಿನ ಹೊರಡು.

ಪುಳಿಯೋಗರೆ ಗೊಜ್ಜು ಎರಡು ಡಬ್ಬಿ ಕಳಿಸಿದ್ದೇನೆ. ಒಂದು ಶ್ವೇತಳದ್ದು, ಅದಕ್ಕೆ ಕೈ ಹಾಕಬೇಡ.

ಚಲುವನಾರಾಯಣ ನಿಮ್ಮ ದೋಣಿಯ ಹಿಂದೆಯೂ ಮುಂದೆಯೂ ಇರಲಿ.

ನಿನ್ನ ಅಜ್ಜಿ,
ಇಂದಿರ

ತಾ.ಕ. ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ತಾತನ ಕಣ್ಣು ಚೆನ್ನಾಗಿಯೇ ಇದೆ. ಆ ದಿನ ಕೊಡಿಸಿದವಳು ನಾನು. ನಾನು ಕಲ್ಯಾಣಿಯ ಮೂರನೇ ಮೆಟ್ಟಿಲು ದಾಟಿ ಕೆಳಗಿಳಿದವಳಲ್ಲ. ಇಬ್ಬರು ಹುಡುಗಿಯರು, ಮೂರು ವಾರ, ಸುತ್ತಲೂ ನೀರು ಎಂದು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ. ದಾರಿ ಮುಚ್ಚಿದ ಮೇಲಿನ ದಿನ ಹೇಳಿಬಿಡಿ ಎಂದು ಅವರ ಕೈ ಹಿಡಿದು ಅತ್ತೆ. ನಲವತ್ತು ವರ್ಷದಲ್ಲಿ ಅವರು ಕೊಟ್ಟ ಸುಳ್ಳು ದಿನ ಅದೊಂದೇ. ಅರ್ಚನಳಿಗೆ ನಿಜ ಬರೆಯುತ್ತೇನೆ ಎಂದರೆ, "ನನ್ನ ತಪ್ಪು ಅಂತಲೇ ಬರಿ ಕಣೇ. ನನಗೆ ವಯಸ್ಸಾಗಿದೆ, ನಂಬ್ತಾಳೆ" ಎಂದರು. ಅಂದು ಮುಚ್ಚಿಟ್ಟ ಪಂಚಾಂಗವನ್ನು ಮತ್ತೆ ತೆಗೆದಿಲ್ಲ. ಯಾರು ಬಂದು ಕೇಳಿದರೂ ದಿನ ನೋಡಿಕೊಡುತ್ತಿಲ್ಲ. ಮಾರಿಷಸ್ ಮುಟ್ಟಿದ ಮೇಲೆ ಮೊದಲ ಫೋನು ಅವರಿಗೇ ಮಾಡು. ವಾಪಸು ಹೊರಡಲು ಒಳ್ಳೆಯ ದಿನ ಯಾವುದು ತಾತ, ಎಂದು ಕೇಳು.